ಸುಂಕಸಾಳದ ಬಂಡೆಯಲ್ಲಿ ತುಂಡಾದ ನೀಲಿ ಪಟ್ಟಿ

"ವಿನುತಕ್ಕಾ, ನೂಲು ನೋಡಿ ಅದರ ಜಾತಕ ಹೇಳ್ತ್ರಿ ಅಂತಾರಲ್ಲ. ಇದರದ್ದು ಹೇಳಿ," ಎಂದು ನಾಗಶ್ರೀ ಪ್ಲಾಸ್ಟಿಕ್ ಚೀಲದಿಂದ ಎರಡು ತುಂಡು ನೀಲಿ ನೈಲಾನ್ ಪಟ್ಟಿ ತೆಗೆದು ಹೊಲಿಗೆ ಮಷಿನ್ನಿನ ಮೇಲೆ ಇಟ್ಟಳು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ನಾನು ಎಂದಿನಂತೆ ಪೇಪರ್ ಓದುತ್ತಿದ್ದೆ.

ನಾನೆಂದರೆ ರಾಜೀವ ನಾಯಕ. ಅಂಕೋಲಾದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ, ನಿವೃತ್ತನಾದ ಮೇಲೆ ಕಾರವಾರದ ಕೋಡಿಬಾಗದಲ್ಲಿ ಮನೆ ಮಾಡಿದವನು. ವಿನುತಾಬಾಯಿ ಅಲ್ಲಿಯ ಟೇಲರ್. ರವಿಕೆ ಹೊಲಿಯುವುದು ಅವರ ಕಸುಬು, ಊರಿನ ಕಗ್ಗಂಟು ಬಿಡಿಸುವುದು ಅವರ ಚಟ. ದೋಣಿಯಿಂದ ಕಾಣೆಯಾದ ಎಂಜಿನ್ ಹುಡುಕಿಕೊಟ್ಟ ಮೇಲೆ ಪೊಲೀಸರೂ ಪ್ಯಾಂಟಿನ ಅಳತೆ ಕೊಡುವ ನೆಪ ಮಾಡಿಕೊಂಡು ಬಂದು ಕೇಳಿ ಹೋಗುತ್ತಾರೆ. ಅವರ ಹಿಂದೆ ಹಿಂದೆ ತಿರುಗುವ ಕೆಲಸ ನನ್ನದು. ಅವರಿಗೆ ಬುದ್ಧಿ ಇದ್ದರೂ ವಿಜ್ಞಾನ ಗೊತ್ತಿರುವವನು ನಾನೊಬ್ಬನೇ ಎಂಬ ಜಂಭ ನನಗಿತ್ತು. ಆ ಮಂಗಳವಾರ ಅದು ಇಳಿಯಿತು.

"ಕೂತ್ಕಾ. ಮೊದಲಿಂದ ಹೇಳು," ಎಂದರು ವಿನುತಾಬಾಯಿ.

ನಾಗಶ್ರೀ ನಮ್ಮ ಕೇರಿಯ ಕಾಶಿ ಹರಿಕಂತ್ರನ ತಂಗಿಯ ಮಗಳು. ಮೀನುಗಾರರ ಮನೆಯಲ್ಲಿ ಬೆಳೆದ ಹುಡುಗಿ ಕಡಲು ಬಿಟ್ಟು ಬಂಡೆಯ ಹುಚ್ಚು ಹಿಡಿಸಿಕೊಂಡಿದ್ದಳು. ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿಯುವುದನ್ನು ಕಲಿಸುವ ಸಾಹಸ ಕೂಟವೊಂದು ಇಲ್ಲಿದೆ. ಅದರ ಹಗ್ಗ, ಕೊಕ್ಕೆ, ಪಟ್ಟಿ ಎಲ್ಲ ಇವಳ ಉಸ್ತುವಾರಿಯಲ್ಲಿದ್ದವು. ಕಾಶಿಯ ಮನೆಯ ಪಕ್ಕದ ಕೋಣೆಯೇ ಅದರ ಉಗ್ರಾಣ.

ಭಾನುವಾರ ಸುಂಕಸಾಳದ ಹತ್ತಿರದ ಬಂಡೆಯಲ್ಲಿ ಅಭ್ಯಾಸವಿತ್ತು. ಬಂಡೆಯ ತಲೆಯ ಮೇಲಿನ ಮರಕ್ಕೆ ಈ ನೀಲಿ ಪಟ್ಟಿ ಸುತ್ತಿ, ಇಳಿಯುವ ಹಗ್ಗವನ್ನು ಅದಕ್ಕೆ ಸಿಕ್ಕಿಸಿದ್ದರು. ಅದು ಕೈಕೊಟ್ಟರೆ ಕಾಪಾಡಲೆಂದು ಎರಡನೆಯ ಹಗ್ಗವನ್ನು, ಅಂದರೆ ಕಾಪಿನ ಹಗ್ಗವನ್ನು, ಬೇರೆ ಮರಕ್ಕೆ, ಬೇರೆ ಪಟ್ಟಿಯಿಂದ ಕಟ್ಟಿದ್ದಳು ನಾಗಶ್ರೀ. ಮೊದಲು ಇಳಿದವಳು ಅವಳ ಗೆಳತಿ ಅಮಿತಾ. ಅರ್ಧ ದಾರಿಯಲ್ಲಿ ನೀಲಿ ಪಟ್ಟಿ ತುಂಡಾಯಿತು. ಕಾಪಿನ ಹಗ್ಗ ಹಿಡಿಯಿತು, ಆದರೆ ಅದು ಬಿಗಿಯುವ ಮೊದಲು ಅಮಿತಾ ಆರಡಿ ಜಾರಿ ಬಂಡೆಯ ಮೂಗಿಗೆ ಬಡಿದಿದ್ದಳು. ಕಾಲಿನ ಹರಡು ಮುರಿಯಿತು.

"ಪಟ್ಟಿ ಹಳೇದಾ?" ಎಂದೆ ನಾನು.

"ಮೂರು ತಿಂಗಳಾಯ್ತು ಮಾಸ್ತರೆ, ನಾನೇ ತರಿಸಿದ್ದು. ಅದೇ ನನ್ನ ಕುತ್ತಿಗೆಗೆ ಬಂದದ್ದು. ಬಂದರದ ಹತ್ರ ಹಡಗಿನ ಹಳೇ ಸಾಮಾನು ಮಾರೂ ಬಾಬು ಇದ್ದಾನಲ್ಲ, ಅವನ ಹತ್ರ ತಕಳ್ವಾ ಅಂದಿದ್ದ ನಮ್ಮ ಸೆಕ್ರೆಟರಿ ಸಂಕೇತ. ಯಾರ ಕೈಲಿ ಎಷ್ಟು ವರ್ಷ ಇತ್ತೋ, ಯಾವ ಬಿಸಿಲಲ್ಲಿ ಬಿದ್ದಿತ್ತೋ ಗೊತ್ತಿಲ್ಲದ ಹಗ್ಗಕ್ಕೆ ಜನರ ಜೀವ ಕಟ್ಟೂದಿಲ್ಲ ಅಂತ ನಾ ಜಗಳ ಮಾಡಿ ಹೊಸಾದು ತರಿಸ್ದೆ. ಈಗ ಅವ ಹೇಳೂದು, ಹೊಸಾದು ತುಂಡಾಗೂದಿಲ್ಲ, ನೀನೇ ಹಳೇದು ಬದಲಿ ಮಾಡಿದ್ದೆ ಅಂತ. ಕೋಣೆ ಕೀಲಿ ಇರೂದು ನನ್ನ ಹತ್ರ ಮಾತ್ರ."

ಸಂಜೆ ನಾಲ್ಕಕ್ಕೆ ಕಾಶಿಯ ಜಗಲಿಯಲ್ಲಿ ಕೂಟದ ಸಭೆ. ಅಲ್ಲಿ ಅವಳ ಹೆಸರು ಬರೆದು ಪೊಲೀಸರಿಗೆ ದೂರು ಕೊಡುವುದು ಎಂದು ಸಂಕೇತ ಹೇಳಿದ್ದ. ಉಳಿದ ಸಾಮಾನಿನಿಂದಲೇ ಶನಿವಾರ ಅಂಕೋಲಾದ ನಲವತ್ತು ಶಾಲೆಮಕ್ಕಳನ್ನು ಅದೇ ಬಂಡೆಯಿಂದ ಇಳಿಸುವುದು ಎಂದೂ ಹೇಳಿದ್ದ.

"ಪೊಲೀಸು ಬರ್ಲಿ, ಅಡ್ಡಿಲ್ಲ," ಎಂದಳು ನಾಗಶ್ರೀ. "ಇದು ಯಾಕೆ ತುಂಡಾಯ್ತು ಅಂತ ಗೊತ್ತಾಗ್ದೆ ಮಕ್ಕಳನ್ನ ನೇತು ಹಾಕಿದ್ರೆ ಏನು ಗತಿ? ನಾನಂತೂ ಇನ್ನು ಹಗ್ಗ ಮುಟ್ಟೂದಿಲ್ಲ. ಅಮಿತಾ ಕೂಗಿದ್ದು ಕಿವೀಲಿ ಅದೆ."

ನಾನು ಪೇಪರ್ ಮಡಚಿಟ್ಟೆ.

ವಿನುತಾಬಾಯಿ ಭೂತಗನ್ನಡಿ ಹಿಡಿದು ಪಟ್ಟಿಯ ಬಾಯಿ ನೋಡಿದರು. "ಕತ್ತರಿಸಿದ್ರೆ ನೂಲಿನ ತುದಿ ಒಂದೇ ಸಾಲಿಗೆ ಇರ್ತದೆ. ಉಜ್ಜಿ ಸವೆದ್ರೆ ಹತ್ತಿ ಹಾಗೆ ಕೆದರ್ತದೆ. ಇದು ಎರಡೂ ಅಲ್ಲ," ಎಂದು ತುದಿಯನ್ನು ಉಗುರಿನಿಂದ ಕೆರೆದರು. ನೂಲು ಒಣಗಿದ ಶಾವಿಗೆಯ ಹಾಗೆ ಪುಡಿಯಾಯಿತು. ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಹಾಗಿತ್ತು. ಅಲ್ಲಿ ನೀಲಿ ಬಣ್ಣವೂ ಸ್ವಲ್ಪ ಮಾಸಿತ್ತು. ಆಚೆಯ ಪಟ್ಟಿಯನ್ನು ನಾನು ಕಾಲಲ್ಲಿ ಮೆಟ್ಟಿ ಎಳೆದರೂ ಜಪ್ಪಯ್ಯ ಅನ್ನಲಿಲ್ಲ.

ಪಟ್ಟಿಗೆ ಹೊಲಿದ ಚೀಟಿಯಲ್ಲಿ ತಯಾರಾದ ತಿಂಗಳು ಮತ್ತು ನಂಬರು ಇದ್ದವು. ನಾಗಶ್ರೀ ಪ್ರತಿ ಸಾಮಾನಿನ ಹೆಸರಿನಲ್ಲೂ ಪುಸ್ತಕ ಬರೆಯುತ್ತಿದ್ದಳು: ಬಂದ ದಿನ, ಬಳಸಿದ ದಿನ, ಯಾರು ಬಳಸಿದ್ದು, ಏನು ಕಂಡದ್ದು. ನಂಬರು ಸರಿಯಾಗಿ ತಾಳೆಯಾಯಿತು.

"ಬದಲಿ ಮಾಡಿದ್ದಲ್ಲ ಅಂತ ಇಲ್ಲಿಗೇ ಆಯ್ತು. ಆದ್ರೆ ಚೌತಿ ಆದ ಮೇಲಿನ ಭಾನುವಾರ ಬಿಟ್ರೆ ಮೊನ್ನೆವರೆಗೆ ಏನೂ ಬರ್ದಿಲ್ಲಲ್ಲ?" ಎಂದರು ವಿನುತಾಬಾಯಿ.

"ನಾ ಊರಲ್ಲಿರ್ಲಿಲ್ಲ ಅಕ್ಕಾ. ಇಪ್ಪತ್ತು ದಿನ ಗುಡ್ಡ ಹತ್ತೂ ಕೋರ್ಸಿಗೆ ಹೋಗಿದ್ದೆ. ದಸರಾ ಮುಗಿದ ಮೇಲೆ ಬಂದೆ. ಮೊನ್ನೆ ಕಟ್ಟಿದ ಎರಡೂ ಹಗ್ಗ, ಕಾಪಿನ ಪಟ್ಟಿ ಇಷ್ಟನ್ನು ಅಲ್ಲಿಗೆ ಒಯ್ದಿದ್ದೆ. ಉಳಿದದ್ದೆಲ್ಲ ಕೋಣೇಲೇ ಇತ್ತು."

ವಿನುತಾಬಾಯಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಎದ್ದರು. ಅವರು ಟೇಪ್ ಹಾಕಿಕೊಂಡು ಹೊರಬಿದ್ದರೆ ಅಳತೆ ಯಾರದ್ದೋ ಆಗುತ್ತದೆ ಎಂದೇ ಲೆಕ್ಕ. ನಾಗಶ್ರೀಯನ್ನು ಆಸ್ಪತ್ರೆಗೆ ಅಮಿತಾಳ ಹತ್ತಿರ ಕಳಿಸಿ ನಾವಿಬ್ಬರೂ ಕಾಶಿಯ ಮನೆಗೆ ಹೋದೆವು.

ಕಾಶಿ ದೋಣಿಯಲ್ಲಿದ್ದ. ಅವನ ಹೆಂಡತಿ ಕಾಮಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. "ನಾಗಿ ಕೀಲಿ ತಕಂಡೇ ಹೋಗಿದ್ದಾಳೆ. ಇರ್ಲಿ, ಬನ್ನಿ," ಎಂದು ಸೊಂಟದ ಕೀಲಿಗೊಂಚಲು ತೆಗೆದು ಕೋಣೆಯ ಬೀಗ ತೆರೆದಳು.

ಒಳಗೆ ಅಚ್ಚುಕಟ್ಟಾಗಿತ್ತು. ಗೋಡೆಯ ಮೊಳೆಗಳಲ್ಲಿ ಆರು ಪಟ್ಟಿಗಳು ತೂಗುತ್ತಿದ್ದವು. ಬೇರೆ ಮೊಳೆಯಲ್ಲಿ ಕಾಪಿನ ಪಟ್ಟಿ ಮತ್ತು ಭಾನುವಾರದ ಎರಡೂ ಹಗ್ಗಗಳಿದ್ದವು; ಹಗ್ಗಗಳು ಹೆಗಲಿನ ಎರಡೂ ಕಡೆ ಇಳಿಬಿಡುವ ಹಾಗೆ ಜಡೆಯಂತೆ ಮಡಚಿದ್ದವು. ಪಕ್ಕದ ಇನ್ನೊಂದು ಹಗ್ಗ ಮಾತ್ರ, ಭಾನುವಾರ ಜಾಸ್ತಿಗೆಂದು ಒಯ್ದು ಬಿಚ್ಚದೆ ತಂದದ್ದು, ಚಕ್ಕುಲಿಯಂತೆ ಬಲಕ್ಕೆ ಸುತ್ತಿ, ಕೊನೆಗೆ ಎರಡು ಸುತ್ತು ಬಿಗಿದಿತ್ತು. ಅಲ್ಯೂಮಿನಿಯಂ ಕೊಕ್ಕೆಯೊಂದರ ಸಂದಿಯಲ್ಲಿ ಕೆಂಪಗೇನೋ ಕಂಡಿತು.

"ತುಕ್ಕು. ಕಾರವಾರದ ಉಪ್ಪುಗಾಳಿಗೆ ಯಾವುದು ಉಳಿಯುತ್ತದೆ?" ಎಂದೆ ನಾನು ವಿಜ್ಞಾನಿಯ ಗತ್ತಿನಲ್ಲಿ. ವಿನುತಾಬಾಯಿ ನನ್ನನ್ನು ಒಂದು ನಮೂನೆ ನೋಡಿದರು.

ಹೊರಗೆ ಬಂದಾಗ ಕಾಮಿ ಒಂದು ಬಿಳಿ ಪಂಚೆಯನ್ನು ಬಿಸಿಲಿಗೆ ಹಿಡಿದು ಗೊಣಗುತ್ತಿದ್ದಳು. "ನೋಡಿ ಬಾಯಿ, ನೀವೇ ಅಂಚು ಹೊಲಿದು ಕೊಟ್ಟದ್ದು. ನವರಾತ್ರಿಗೆ ತಂದು ಒಂದು ಸಲ ಉಟ್ಟದ್ದು. ಒಂದು ತೊಳಿಗೇ ಜರಡಿ ಆಯ್ತು. ಇಲಿ ಅಂದ್ಕಂಡೆ, ಇಲಿ ಹೀಂಗೆ ಕಡೀತದ್ಯಾ?"

ಪಂಚೆಯ ಮುಂಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಹತ್ತಾರು ತೂತುಗಳಿದ್ದವು. ವಿನುತಾಬಾಯಿ ತೂತಿನ ಅಂಚು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ನಡುಮನೆಗೆ ಹೋಗಿ ನೀರು ಕೇಳಿ ಕುಡಿದರು. ದೇವರ ಗೂಡಿನ ಮುಂದೆ ಸಿಮೆಂಟಿನ ನೆಲ ಅಂಗೈ ಅಗಲ ಬೆಳ್ಳಗಾಗಿ ತರಿತರಿ ಎದ್ದಿತ್ತು. "ಎಷ್ಟು ಉಜ್ಜಿದ್ರೂ ಹೋಗೂದಿಲ್ಲ," ಎಂದಳು ಕಾಮಿ.

ಹೊರಡುವಾಗ ವಿನುತಾಬಾಯಿ ಅಂಗಳದ ಗಿಡದಿಂದ ಏಳೆಂಟು ಕೆಂಪು ದಾಸವಾಳ ಕೊಯ್ದು ಸೆರಗಿಗೆ ಹಾಕಿಕೊಂಡರು.

"ದೇವರಿಗೋ?" ಎಂದೆ.

"ಮಾಸ್ತರಿಗೆ," ಎಂದರು. ನನಗೆ ಅರ್ಥವಾಗಲಿಲ್ಲ.

ದಾರಿಯಲ್ಲಿ ಸಂಕೇತ ಎದುರಾದ. ಹಟ್ಟಿಕೇರಿಯ ಗಾಂವಕರರ ಮನೆಯ ಹುಡುಗ, ಸರಕಾರಿ ನೌಕರಿ, ಮಾತು ಸ್ವಲ್ಪ ಖಾರ. "ಬಾಯಿ, ನಂಗೆ ಅವಳ ಮೇಲೆ ಹಗೆ ಇಲ್ಲ. ಅಮಿತಾಳ ಅಪ್ಪ ಕೇಳಿದ್ರೆ ಎಂತಾ ಹೇಳ್ಲಿ? ಯಾರಾದ್ರೂ ಉತ್ತರ ಕೊಡ್ಬೇಕಲ್ಲ," ಎಂದ. ಅವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. ವಿನುತಾಬಾಯಿ ಅವನ ಬೈಕಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಕೊಟ್ಟು, "ಇದನ್ನ ಸುತ್ತಿ ಕೊಡು ಮಾರಾಯಾ, ಅಂಗಡಿಗೆ ಬೇಕು," ಎಂದರು. ಅವನು ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ ಸುತ್ತಿ ಕೊಟ್ಟ.

ನಾಲ್ಕು ಗಂಟೆಗೆ ಕಾಶಿಯ ಜಗಲಿ ತುಂಬಿತು. ಕೂಟದ ಹತ್ತು ಮಂದಿ, ಸಂಕೇತ, ಕಂಬಕ್ಕೆ ಒರಗಿ ನಿಂತ ನಾಗಶ್ರೀ, ಆಗಷ್ಟೇ ದೋಣಿಯಿಂದ ಬಂದ ಕಾಶಿ. ಅರವತ್ತರ ಗಟ್ಟಿ ಆಳು. ಸೋದರಸೊಸೆಯನ್ನು ಕಳ್ಳಿಯ ಹಾಗೆ ನಿಲ್ಲಿಸಿದ್ದಾರೆಂದು ಅವನ ಮುಖ ಕೆಂಡವಾಗಿತ್ತು.

"ದೂರು ಬರೆಯೂದು ಆಮೇಲೆ," ಎಂದು ವಿನುತಾಬಾಯಿ ಶುರು ಮಾಡಿದರು. "ಮೊದಲು ಈ ಪಟ್ಟಿ. ಚೀಟಿ ನಂಬರು ಪುಸ್ತಕಕ್ಕೆ ಸರಿಯಾಗಿ ಕೂತದೆ. ನಾಗಶ್ರೀ ತರಿಸಿದ ಹೊಸ ಪಟ್ಟಿಯೇ ಇದು. ಬ್ಲೇಡು ಹಾಕಿದ್ದಲ್ಲ, ಕಲ್ಲಿಗೆ ಉಜ್ಜಿದ್ದಲ್ಲ. ನಾಲ್ಕು ಬೆರಳು ಜಾಗ ಒಳಗಿಂದ ಸುಟ್ಟು ಪುಡಿ ಆಗದೆ. ನೈಲಾನನ್ನ ಬೆಂಕಿ ಇಲ್ದೆ ಹೀಂಗೆ ಸುಡೂದು ಎಂತದು? ಮಾಸ್ತರ ಹೇಳ್ಬೇಕು."

"ಆಮ್ಲ," ಎಂದೆ. ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಬೆಳಗಿನಿಂದ ಅದು ನನ್ನ ತಲೆಗೆ ಬಂದಿರಲಿಲ್ಲ.

ವಿನುತಾಬಾಯಿ ಬಿಳಿ ಕಾಗದದ ಮೇಲೆ ದಾಸವಾಳದ ಎಸಳು ತಿಕ್ಕಿದರು. ಕಾಗದ ನೇರಳೆಯಾಯಿತು. ಬಾವಿಯ ನೀರು ಹನಿಸಿದರೆ ಬಣ್ಣ ಕದಲಲಿಲ್ಲ. ಅದೇ ನೀರಲ್ಲಿ ನೀಲಿ ಪಟ್ಟಿಯ ಮುರಿದ ತುದಿ ನೆನೆಸಿ ಹಿಂಡಿದರು. ಹನಿ ಬಿದ್ದಲ್ಲಿ ಕಾಗದ ಕೆಂಪೇರಿತು. ಎಂಟನೇ ಇಯತ್ತೆಯ ಮಕ್ಕಳಿಗೆ ವರ್ಷವೂ ನಾನು ಮಾಡಿ ತೋರಿಸುತ್ತಿದ್ದ ಪ್ರಯೋಗ ಅದು. ನನ್ನ ಹತ್ತಿರ ಕಲಿತ ಯಾರ ಮಗಳ ಪುಸ್ತಕದಲ್ಲಿ ನೋಡಿದ್ದರೋ ಏನೋ.

"ಈಗ ಕೋಣೇಲಿರೂ ಪಟ್ಟಿ," ಎಂದು ಆರನ್ನೂ ಒಂದೊಂದಾಗಿ ನೆನೆಸಿ ಹಿಂಡಿದರು. ನಾಲ್ಕು ಸುಮ್ಮನಿದ್ದವು. ಎರಡು ಕಾಗದವನ್ನು ಕೆಂಪು ಮಾಡಿದವು. ಚಕ್ಕುಲಿ ಸುತ್ತಿನ ಹಗ್ಗದ ಒಂದು ತುದಿಯೂ ಹಾಗೆಯೇ ಮಾಡಿತು. ಶನಿವಾರ ಆ ಹಗ್ಗಕ್ಕೆ ಯಾರು ನೇತಾಡಬೇಕಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂಕೇತ ಅಲ್ಲೇ ಕುಸಿದು ಕೂತ.

"ನಾಗಶ್ರೀ ಕೋರ್ಸಿಗೆ ಒಯ್ದದ್ದು ಚಲೋ ಅದೆ. ಮನೇಲಿ ಉಳಿದದ್ರಲ್ಲಿ ಕೆಲವು ಹಾಳಾಗವೆ. ಅಂದ್ರೆ ಅವಳು ಇಲ್ಲದ ಇಪ್ಪತ್ತು ದಿನದಲ್ಲೇ ಆದದ್ದು. ಯಾರು ಒಳಗೆ ಹೋದ್ರು? ಕೀಲಿ ಒಂದೇ ಅಂತ ಇವಳ ನಂಬಿಕೆ. ಇನ್ನೊಂದು ಕಾಮಿಯ ಸೊಂಟದಲ್ಲಿ ಅದೆ, ಬೆಳಿಗ್ಗೆ ನಮಗೇ ತೆರೆದುಕೊಟ್ಳು. ಹಗ್ಗ ಹೀಂಗೆ ಚಕ್ಕುಲಿ ಸುತ್ತಿದ್ದು ಭಾನುವಾರ ಗಡಿಬಿಡೀಲಿ ಸಂಕೇತ ಅಂತ ನಾಗಶ್ರೀ ಅಂದ್ಕಂಡಿರ್ಬೇಕು."

"ಹೌದು. ಅದಕ್ಕೂ ಒಂದು ಜಗಳ ಆಗದೆ," ಎಂದಳು ನಾಗಶ್ರೀ ಮೆಲ್ಲಗೆ.

"ಅವ ಮೊಣಕೈಗೆ ಸುತ್ತೂನು, ಬಟ್ಟೆ ಒಣಗಿಸೂ ಹಗ್ಗದ ಹಾಗೆ. ಬಲಕ್ಕೆ ಸುತ್ತಿ ಕೊನೇಲಿ ಬಿಗಿಯೂದು ದೋಣಿಯವರ ಕೈ. ಇನ್ನು ಕೊಕ್ಕೆ ಸಂದಿಯ ಕೆಂಪು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡೀತದೆ ಅಂತ ಯಾವ ಪುಸ್ತಕದಲ್ಲದೆ ಮಾಸ್ತರೆ? ಅದು ಕುಂಕುಮ." ವಿನುತಾಬಾಯಿಯ ಸ್ವರ ಅಲ್ಲಿಂದ ಮೆತ್ತಗಾಯಿತು. "ಕಾಶಿ, ನವಮಿ ದಿನ ಪೂಜೆಗೆ ಏನೇನು ಇಟ್ಟಿದ್ದೆ?"

ಕಾಶಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಎದೆ ಸೆಟೆದೇ ಹೇಳಿದ. "ಎಲ್ಲಾ ಇಟ್ಟಿದ್ದೆ ಬಾಯಿ. ಬಲೆ, ಲಂಗರು, ಎಂಜಿನ್ನಿನ ಪಾನಾ, ಬ್ಯಾಟರಿ. ಜೀವ ಹಿಡಿಯೂ ಸಾಮಾನೆಲ್ಲ ಆ ದಿನ ದೇವರ ಮುಂದೆ ಬರ್ಬೇಕು, ನಮ್ಮ ಅಜ್ಜನ ಕಾಲದಿಂದ ಅದೆ. ನಾಗಿ ಹಗ್ಗಕ್ಕೆ ಪೂಜೆ ಇಲ್ದೆ ಹೋದ್ರೆ ಹೆಂಗೆ? ಮುಟ್ಟಬೇಡಿ ಅಂತಿದ್ಳು, ಅದಕ್ಕೇ ಹೇಳ್ಲಿಲ್ಲ. ಕುಂಕುಮ ಹಚ್ಚಿ, ಕಾಯಿ ಒಡೆದು, ಮಾರನೇ ದಿನ ಇದ್ದ ಹಾಗೇ ಇಟ್ಟೆ. ಒದ್ದೆ ಆಗಿತ್ತು, ಕಾಯಿ ನೀರು ಸಿಡಿದದ್ದು ಅಂತ ಪಂಚೇಲಿ ಒರೆಸಿ ನೆರಳಲ್ಲಿ ಒಣಗಿಸ್ದೆ. ಬಿಸಿಲಿಗೆ ಹಾಕೂಕಾಗ ಅಂತ ಅವಳೇ ಹೇಳಿದ್ದು."

"ಬ್ಯಾಟರಿ ಎಲ್ಲಿತ್ತು?"

"ಮಣೆ ಮೇಲೆ. ಹಗ್ಗ ಅದರ ಕೆಳಗೆ..." ಅಷ್ಟು ಹೇಳಿ ಕಾಶಿ ದೇವರ ಗೂಡಿನ ಕಡೆ ತಿರುಗಿದ.

"ಮಣೆ ವಾಲಿರ್ಬೇಕು. ಮುಚ್ಚಳದಿಂದ ಎಸಿಡು ಜಿನುಗಿದ್ದು. ನೆಲದ ಸಿಮೆಂಟ್ ತಿಂದದೆ, ಒರೆಸಿದ ಪಂಚೆ ತಿಂದದೆ. ಹತ್ತಿಬಟ್ಟೆಗೆ ಎಸಿಡು ತಾಗಿದ್ದು ಕೂಡ್ಲೇ ಕಾಣೂದಿಲ್ಲ, ಒಂದು ಸಲ ತೊಳೆದ ಮೇಲೆ ತೂತು ಬೀಳ್ತದೆ. ಅದು ಗೊತ್ತಿರೂದು ನಮ್ಮಂಥ ಟೇಲರ್‌ಗಳಿಗೆ. ನೈಲಾನೂ ಹಾಗೇ, ಹೊರಗೆ ನೆಟ್ಟಗೆ, ಒಳಗೆ ಪುಡಿ."

ಕಾಶಿ ಅಂಗೈ ನೋಡಿಕೊಂಡ. "ಕೈ ಉರಿದಿತ್ತು. ಕಾಯಿ ಸುಲಿದದ್ದಕ್ಕೆ ಅಂದ್ಕಂಡೆ," ಎಂದ. ಆಮೇಲೆ ಆ ಗಟ್ಟಿ ಆಳು ಎಲ್ಲರೆದುರಿಗೆ ಅತ್ತುಬಿಟ್ಟ. "ಆ ಹುಡುಗಿ ಕಾಲು ಮುರಿದದ್ದು ನಾನು. ಬರ್ಕಳಿ ನನ್ನ ಹೆಸರು. ನಾಗಿದಲ್ಲ."

ಸಂಕೇತ ಎದುರಿಗಿದ್ದ ಕಾಗದ ತಿರುವಿ ಇಟ್ಟ. ಆದರೆ ನಾಗಶ್ರೀಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

"ಮಾವಂದು ಮಾತ್ರ ಅಲ್ಲ," ಎಂದಳು. "ಭಾನುವಾರ ಬೆಳಿಗ್ಗೆ ಬಣ್ಣ ಮಾಸಿದ್ದು ನಾ ನೋಡಿದ್ದೆ. ಹೊಸಾದಲ್ವಾ, ಉಪ್ಪುಗಾಳಿ ಇರ್ಬೇಕು ಅಂದ್ಕಂಡೆ. ಅನುಮಾನ ಬಂದದ್ದನ್ನ ಬಿಸಾಡಿ ಅಂತ ಎಲ್ಲರಿಗೂ ಕಲಿಸೂದು ನಾನೇ. ಹೊಸಾದು ಅನ್ನೂ ಒಂದು ಮಾತಿಗೆ ನನ್ನ ಕಣ್ಣು ಕುರುಡಾಯ್ತು. ಇನ್ನೊಬ್ಬರ ಜೀವ ನಾ ಹಿಡಿಯೂದಿಲ್ಲ."

ವಿನುತಾಬಾಯಿ ಚೀಲದಿಂದ ತಮ್ಮ ದೊಡ್ಡ ಕತ್ತರಿ ತೆಗೆದು ಅವಳ ಕೈಗೆ ಕೊಟ್ಟರು. "ಅದು ನಿನ್ನ ಇಷ್ಟ. ಇದನ್ನಂತೂ ಈಗಲೇ ಮಾಡು. ಬಿಸಾಡಿದ್ರೆ ಯಾರೋ ದನ ಕಟ್ಟೂಕೆ ಒಯ್ತ್ರು, ಮತ್ಯಾರೋ ಮರ ಹತ್ತೂಕೆ ಒಯ್ತ್ರು."

ನಾಗಶ್ರೀ ಹಾಳಾದ ಎರಡು ಪಟ್ಟಿ ಮತ್ತು ಇಡೀ ಹಗ್ಗವನ್ನು ಗೇಣುದ್ದಕ್ಕೆ ಕತ್ತರಿಸಿದಳು. ಕಾಗದದಲ್ಲಿ ಸುಮ್ಮನಿದ್ದ ನಾಲ್ಕನ್ನೂ ಬಿಡಲಿಲ್ಲ. ಅವೂ ಅದೇ ಪೂಜೆಯಲ್ಲಿದ್ದವು. ಸಂಕೇತ ಒಂದೊಂದನ್ನೇ ಎತ್ತಿ ಕೊಟ್ಟ. ಮಕ್ಕಳ ಶಿಬಿರವನ್ನು ಮುಂದಕ್ಕೆ ಹಾಕಿದ್ದಾಯಿತು.

ನಾಲ್ಕು ವಾರ ಕಳೆದು ಹೊಸ ಸಾಮಾನು ಬಂತು. ಸಂಕೇತನೇ ಪ್ರತಿ ಚೀಟಿ ಓದಿ ಹೇಳಿದ, ನಾಗಶ್ರೀ ಬರೆದುಕೊಂಡಳು. ಆ ಶನಿವಾರ ಶಿಬಿರಕ್ಕೆ ಮಕ್ಕಳು ಬಂದಾಗ ಸುಂಕಸಾಳದ ಬಂಡೆಯ ಮೇಲೆ ಎರಡೂ ಮರಗಳಿಗೆ ಪಟ್ಟಿ ಸುತ್ತಿದವಳೂ ಅವಳೇ. ಆದರೆ ಹಗ್ಗ ಹಿಡಿದು ಮಕ್ಕಳನ್ನು ಇಳಿಸುವ ಜಾಗಕ್ಕೆ ಬಾರದೆ ಹಿಂದೆ ಸರಿದು ನಿಂತಳು. "ಸಂಕೇತ ಇಳಿಸ್ಲಿ," ಎಂದಳು. ಕೆಳಗೆ ಪ್ಲಾಸ್ಟರಿನ ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅಮಿತಾ, "ನಾಗೀ, ನಾಟಕ ಸಾಕು," ಎಂದು ಕೂಗಿದರೂ ಅವಳು ಕದಲಲಿಲ್ಲ.

ಆಗ ಕಾಶಿ ಮುಂದೆ ಬಂದ. ಜೀವಮಾನದಲ್ಲಿ ಕಡಲು ಬಿಟ್ಟು ಎತ್ತರ ಹತ್ತದವನು. ಬಂಡೆ ಹತ್ತುವಾಗ ಸಿಕ್ಕಿದ ಬೇರು, ಕೊಂಬೆಗಳನ್ನೆಲ್ಲ ಹಿಡಿದುಕೊಂಡೇ ಬಂದಿದ್ದ.

"ನಂಗೆ ಕಟ್ಟು ಮಗಾ," ಎಂದ. "ಮೊದಲು ನಾ ಇಳೀತೆ. ಬೇರೆಯವರ ಕೈಲಿ ಅಲ್ಲ, ನಿನ್ನ ಕೈಲಿ."

"ಬ್ಯಾಡ ಮಾವಾ. ನನ್ನ ಕೈ ನಡುಗ್ತದೆ."

"ನನ್ನ ಕಾಲೂ ನಡುಗ್ತದೆ. ಇಬ್ಬರೂ ಕೂಡಿ ನಡುಗ್ವಾ."

ನಾಗಶ್ರೀ ಮುಂದೆ ಬಂದು ಅವನ ಸೊಂಟದ ಬೆಲ್ಟು ಬಿಗಿದಳು. ಗಂಟು, ಕೊಕ್ಕೆ, ಪಟ್ಟಿ ಒಂದೊಂದನ್ನೂ ಮುಟ್ಟಿ ಜೋರಾಗಿ ಹೆಸರು ಹೇಳಿದಳು, ಇನ್ನೊಮ್ಮೆ ಮುಟ್ಟಿದಳು. ಕಾಶಿ ಬಂಡೆಯ ಅಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಇಡೀ ಭಾರವನ್ನು ಹಿಂದಕ್ಕೆ ಬಿಟ್ಟ. ಪಟ್ಟಿ ಬಿಗಿಯಿತು, ಹಗ್ಗ ಹಿಡಿಯಿತು. ಕಾಪಿನ ಹಗ್ಗ ಅವಳ ಕೈಯಿಂದ ಅಂಗುಲ ಅಂಗುಲವಾಗಿ ಜಾರಿತು. ಕೆಳಗೆ ನೆಲಕ್ಕೆ ಕಾಲು ತಾಗಿದ ಮೇಲೆಯೇ ಅವನು ಕಣ್ಣು ಬಿಟ್ಟದ್ದಂತೆ, ಅಮಿತಾ ಹೇಳಿದಳು.

ವಿನುತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಕಣ್ಣಿಗೆ ಧೂಳು ಬಿದ್ದಿತ್ತೆಂದು ಹೇಳಿದರೆ ಅದು ಸುಳ್ಳು.

ನಾಗಶ್ರೀ ಹಗ್ಗ ಮೇಲಕ್ಕೆಳೆದುಕೊಂಡಳು. ಪಟ್ಟಿಯನ್ನು ಬೆರಳಿನಿಂದ ಸವರಿ ಮತ್ತೊಮ್ಮೆ ಕಣ್ಣಿಟ್ಟು ನೋಡಿದಳು. ಅನಂತರ ಸಾಲಾಗಿ ನಿಂತಿದ್ದ ನಲವತ್ತು ಮಕ್ಕಳ ಕಡೆ ತಿರುಗಿ, "ಹಾಂ, ಮುಂದೆ ಯಾರು? ಬರ್ಲಿ," ಎಂದಳು.